ಮದುಮಗನನ್ನು ಗುಡ್ಡ ಹತ್ತಿಸುವ ಮುಂಚೆ...

ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಮೊನ್ನೆ ಸಂಜೆ ಎಂಟು ಜನ ಹುಡುಗರ ಒಂದು ಸಭೆ ನಡೆಯಿತು. ಅಧ್ಯಕ್ಷರಿಲ್ಲ, ವಂದನಾರ್ಪಣೆ ಇಲ್ಲ. ಚರ್ಚೆ ಮಾತ್ರ ವಿಧಾನಸಭೆಗಿಂತ ಜೋರು. ವಿಷಯ ಇಷ್ಟೇ. ಅವರಲ್ಲಿ ಒಬ್ಬನಿಗೆ ವೈಶಾಖದಲ್ಲಿ ಮದುವೆ. ಹುಡುಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ತಾಳಿ ಕಟ್ಟುವ ನಾಲ್ಕು ದಿನ ಮುಂಚೆ ಗೆಳೆಯರೆಲ್ಲ ಸೇರಿ ‘ಬ್ಯಾಚುಲರ್ ಪಾರ್ಟಿ’ ಮಾಡಬೇಕಂತೆ. ಹೋಟೆಲು ಬೇಡ, ಬಾರು ಬೇಡ. ಗುಡ್ಡ ಹತ್ತಬೇಕು, ಕಾಡಲ್ಲಿ ಟೆಂಟ್ ಹಾಕಬೇಕು, ಬೆಂಕಿ ಹಚ್ಚಿ ಸುತ್ತ ಕೂರಬೇಕು.

ಪಕ್ಕದ ಬೆಂಚಿನಲ್ಲಿ ಕೂತು ಕಿವಿ ಕೊಟ್ಟೆ. ಪತ್ರಿಕೆಯವರ ಚಾಳಿ, ಓದುಗರು ಕ್ಷಮಿಸಬೇಕು.

ಎಂಟು ಜನರಲ್ಲಿ ಕುಮಾರಪರ್ವತವನ್ನು ಮೂರು ಸಲ ಹತ್ತಿದವನು ಒಬ್ಬ. ಇಬ್ಬರು ಕೊಡಚಾದ್ರಿ ನೋಡಿದ್ದಾರೆ, ಆದರೆ ಜೀಪಿನಲ್ಲಿ ಹೋಗಿ. ಮೂವರು ದಿನಕ್ಕೆ ಹತ್ತು ಗಂಟೆ ಅಂಗಡಿಯಲ್ಲಿ ನಿಂತೇ ಇರುವವರು. ಅವರಿಗೆ ನಿಲ್ಲೋದು ಗೊತ್ತು, ಹತ್ತೋದು ಗೊತ್ತಿಲ್ಲ. ಒಬ್ಬನಿಗೆ ದಮ್ಮು, ಎಳೆಯುವ ಪಂಪು ಜೇಬಿನಲ್ಲೇ ಇರುತ್ತದೆ. ಉಳಿದವನು ಮದುಮಗ. ಅವನು ಈವರೆಗೆ ಹತ್ತಿದ ಎತ್ತರದ ಜಾಗ ಅಂದರೆ ಅಂಗಡಿಯ ಅಟ್ಟ.

ಎಲ್ಲಿಗೆ ಹೋಗಬೇಕೆಂದು ತೀರ್ಮಾನ ಮಾಡಿದವರು ಯಾರು? ಮೂರು ಸಲ ಹತ್ತಿದವನೇ! ‘ಕುಮಾರಪರ್ವತ, ಎರಡು ದಿನ, ಮುಗೀತು’ ಅಂದ. ಉಳಿದವರು ಹೂಂಗುಟ್ಟಿದರು. ದಮ್ಮಿನವನು ತುಟಿ ಪಿಟಕ್ ಅನ್ನಲಿಲ್ಲ. ಇವತ್ತಿನ ಅಂಕಣ ಆ ತುಟಿ ಬಿಚ್ಚದ ಹುಡುಗನ ಪರವಾಗಿ.

ಪೇಟೆಯ ಪಾರ್ಟಿ ಗುಡ್ಡಕ್ಕೆ ಬಂತು

ಅರಿಶಿನ ಹಚ್ಚಿದ ಮೇಲೆ ಮದುಮಗ ಊರ ಗಡಿ ದಾಟಬಾರದು ಅನ್ನುತ್ತಿದ್ದರು ನಮ್ಮ ಅಜ್ಜಿಯರು. ಈಗಿನ ಹುಡುಗರು ಅರಿಶಿನಕ್ಕೆ ಮುಂಚೆ ತಾಲೂಕು, ಜಿಲ್ಲೆ ಎಲ್ಲ ದಾಟಿ ಬರುತ್ತಾರೆ. ತಪ್ಪೇನಿಲ್ಲ. ಬಾರಿನಲ್ಲಿ ಕುಡಿದು ಬೀಳುವುದಕ್ಕಿಂತ ಗುಡ್ಡದ ಗಾಳಿ ಕುಡಿಯುವುದು ಸಾವಿರ ಪಾಲು ಮೇಲು. ಆದರೆ ಬಾರಿಗೆ ಹೋಗಲು ತಯಾರಿ ಬೇಕಿಲ್ಲ, ಗುಡ್ಡಕ್ಕೆ ಬೇಕು. ಈ ವ್ಯತ್ಯಾಸವನ್ನು ಹುಡುಗರು ಮರೆತಿದ್ದಾರೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ್ದು ನೆನಪಿರಬಹುದು. ಅದರ ಬೆನ್ನಲ್ಲೇ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಹೊಸ ವ್ಯವಸ್ಥೆ ಬಂತು. ಒಂದು ದಾರಿಗೆ ದಿನಕ್ಕೆ 300 ಜನ, ಅಷ್ಟೇ. ಅಂದರೆ ಹೊರಡುವ ಹಿಂದಿನ ರಾತ್ರಿ ‘ನಡೀರೋ ಹೋಗೋಣ’ ಅನ್ನುವ ಕಾಲ ಹೋಯಿತು. ಕಲ್ಯಾಣ ಮಂಟಪ ಗೊತ್ತು ಮಾಡಿದಷ್ಟೇ ಮುಂಚೆ ಗುಡ್ಡದ ಟಿಕೆಟ್ಟನ್ನೂ ಗೊತ್ತು ಮಾಡಬೇಕು. ಎಂಟು ಜನರ ಗುರುತಿನ ಚೀಟಿಯೂ ಕೈಯಲ್ಲಿರಬೇಕು.

‘ಕಳ್ಳದಾರಿ ಇದೆ ಅಣ್ಣ’ ಅನ್ನುವವರು ಇದ್ದೇ ಇರುತ್ತಾರೆ. ಅಂಥವರಿಗೆ ಒಂದು ಮಾತು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದೂ ಅಪರಾಧ. ಮದುಮಗ ಮಂಟಪದ ಬದಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಹೆಣ್ಣಿನ ಕಡೆಯವರಿಗೆ ಏನಂತ ಉತ್ತರ ಕೊಡುತ್ತೀರಿ?

ಮುಹೂರ್ತದ ತಿಂಗಳು, ಕಾಡ್ಗಿಚ್ಚಿನ ತಿಂಗಳು

ಇನ್ನು ಕಾಲದ ವಿಚಾರ. ನಮ್ಮಲ್ಲಿ ಮದುವೆಗಳ ಭರಾಟೆ ಫೆಬ್ರವರಿಯಿಂದ ಮೇ ತನಕ. ಕಾಡಿಗೆ ಬೆಂಕಿ ಬೀಳುವ ಭಯವೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಬೇಸಿಗೆಯಲ್ಲಿ ಎಷ್ಟೋ ಗುಡ್ಡದ ದಾರಿಗಳನ್ನು ಅರಣ್ಯ ಇಲಾಖೆ ಬಂದ್ ಮಾಡುತ್ತದೆ. ಚಹಾದಂಗಡಿಯ ಎಂಟು ಜನರಲ್ಲಿ ಒಬ್ಬನಾದರೂ ‘ವೈಶಾಖದಲ್ಲಿ ದಾರಿ ತೆರೆದಿರುತ್ತಾ?’ ಅಂತ ಕೇಳಲಿಲ್ಲ. ಟೆಂಟಿನ ಬಣ್ಣ ಯಾವುದು ಅನ್ನುವ ಚರ್ಚೆ ಮಾತ್ರ ಅರ್ಧ ಗಂಟೆ ನಡೆಯಿತು.

ಮಂಗನ ಕಾಯಿಲೆ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದದ್ದು. ಡಿಸೆಂಬರಿನಿಂದ ಮೇ ತನಕ ಅದರ ಕಾಟ ಹೆಚ್ಚು. ಹರಡುವುದು ಉಣುಗಿನಿಂದ. ಮಂಗ ಸತ್ತು ಬಿದ್ದ ಕಡೆ ಸುಳಿಯಬಾರದು, ಒಣಗಿದ ತರಗೆಲೆಯ ಮೇಲೆ ಮಲಗಬಾರದು, ಮೈತುಂಬ ಬಟ್ಟೆ ಇರಬೇಕು, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಆಗಬೇಕು. ಹತ್ತಾರು ದಿನದೊಳಗೆ ಜ್ವರ ಬಂದರೆ ‘ಮದುವೆ ಓಡಾಟದ ಸುಸ್ತು’ ಅಂತ ಕೂರದೆ, ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಮಳೆಗಾಲದಲ್ಲಿ ಹೋಗೋಣವೆಂದರೆ ಇಂಬಳ, ಜಾರು ಬಂಡೆ, ಮಂಜು. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರ ಅರಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಬಂಡೆಯಿಂದ ಜಾರಿ ಬಿದ್ದ. ಹೆಣ ಸಿಕ್ಕಲು ಒಂದು ವಾರ ಹಿಡಿಯಿತು. ಆ ಒಂದು ವಾರ ಆ ಮನೆಯವರು ಹೇಗಿದ್ದರೆಂದು ಯೋಚಿಸಿ ನೋಡಿ.

ಹಾಗಾದರೆ ಯಾವಾಗ ಹೋಗಬೇಕು? ನನ್ನನ್ನು ಕೇಳಿದರೆ ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕ ಮದುವೆಗಳಿಲ್ಲ, ಮಳೆ ಇಲ್ಲ, ಬಿಸಿಲಿನ ಝಳವೂ ಇಲ್ಲ. ಉಣುಗಿನ ಎಚ್ಚರ ಒಂದಿದ್ದರೆ ಸಾಕು. ವೈಶಾಖದಲ್ಲಿ ಮದುವೆ ಆಗುವವನು ಧನುರ್ಮಾಸದಲ್ಲೇ ಪಾರ್ಟಿ ಮುಗಿಸಬಾರದೆಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ತಡವಾಯಿತೆಂದರೆ ದೊಡ್ಡ ಗುಡ್ಡವನ್ನು ಕೈಬಿಡಿ. ಏನೇ ಆದರೂ ಮದುವೆಗೆ ಮುಂಚೆ ಹದಿನೈದು ದಿನ ಅಂತರ ಇರಲಿ. ಉಳುಕಿದ ಕಾಲು ನಾಲ್ಕು ದಿನದಲ್ಲಿ ಸಪ್ತಪದಿ ತುಳಿಯುವುದಿಲ್ಲ.

ಪಿಯುಸಿ ಬಿಟ್ಟವನ ಲೆಕ್ಕ

ಈಗ ಒಂದು ಲೆಕ್ಕ. ಪಿಯುಸಿ ಅರ್ಧಕ್ಕೆ ಬಿಟ್ಟವನ ಲೆಕ್ಕವೆಂದು ನಗಬೇಡಿ, ಸೂತ್ರ ನನ್ನದಲ್ಲ. ಸ್ಕಾಟ್ಲೆಂಡಿನ ನೇಯ್ಸ್‌ಮಿತ್ ಎಂಬಾತ 1892ರಲ್ಲಿ ಹೇಳಿದ್ದು. ಈಗಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಕುಮಾರಪರ್ವತದ ಎತ್ತರ 1712 ಮೀಟರ್. ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ತುದಿಗೆ ಸುಮಾರು 13 ಕಿಲೋಮೀಟರ್, ಏರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು. ನಡಿಗೆಗೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆ, ಒಟ್ಟು ಐದು. ಇದು ಪಳಗಿದ ಕಾಲಿನವನು ಎಲ್ಲೂ ಕೂರದೆ ನಡೆದರೆ. ಹೊಸಬ ಬೆನ್ನಿಗೆ ಚೀಲ ಹಾಕಿಕೊಂಡು, ಅಲ್ಲಲ್ಲಿ ಕೂತು ಎದ್ದು ಹೋದರೆ ಏಳೆಂಟು ಗಂಟೆ. ದಮ್ಮಿನವನಿಗೆ ಎಷ್ಟು? ಅದನ್ನು ಅವನ ಡಾಕ್ಟರೇ ಹೇಳಬೇಕು. ಇಳಿಯುವುದು ಇನ್ನೂ ಬಾಕಿ ಇದೆ, ಮಂಡಿ ಅಳುವುದು ಆಗಲೇ.

ತಂಡದ ಸಮಯವನ್ನು ಮುಂದಿರುವವನ ಕಾಲಿನಿಂದ ಅಳೆಯಬಾರದು, ಕೊನೆಯವನ ಕಾಲಿನಿಂದ ಅಳೆಯಬೇಕು. ಎಂಟು ಜನ ಹೊರಟರೆ ಎಂಟನೆಯವನು ತಲುಪಿದಾಗಲೇ ತಂಡ ತಲುಪಿದಂತೆ. ಇದು ಗೊತ್ತಿಲ್ಲದೆ ನಾನೇ ಒಮ್ಮೆ ಕೆಟ್ಟಿದ್ದೇನೆ.

‘ನೀನು ಮುಂದೆ ಹೋಗಿದ್ದೆಯಂತಲ್ಲಪ್ಪ’

ಹನ್ನೆರಡು ವರ್ಷದ ಹಿಂದಿನ ಮಾತು. ಗೆಳೆಯನ ಮದುವೆಗೆ ಒಂದು ವಾರ ಇತ್ತು. ಏಳು ಜನ ಕೊಡಚಾದ್ರಿಗೆ ಹೊರಟೆವು, ನಡೆದುಕೊಂಡೇ. ದಾರಿ ಬಲ್ಲವನು ನಾನೊಬ್ಬನೇ, ಹಾಗಾಗಿ ಯಜಮಾನಿಕೆ ನನ್ನದು. ಮದುಮಗನ ತಮ್ಮ ಹೊಸ ಬೂಟು ಹಾಕಿ ಬಂದಿದ್ದ. ಒಂದು ಗಂಟೆಯೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ‘ನೀವು ಹೋಗ್ತಿರಿ, ಬರ್ತೀನಿ’ ಅಂದ. ನಾವೂ ಹೋದೆವು. ಮೇಲೆ ತಲುಪಿ, ಪುಳಿಯೋಗರೆ ಪೊಟ್ಟಣ ಬಿಚ್ಚಿ ಅರ್ಧ ತಿಂದ ಮೇಲೆ ಯಾರೋ ಕೇಳಿದರು, ‘ಅವನೆಲ್ಲೋ?’

ಮಂಜು ಕವಿದಿತ್ತು. ಕೂಗಿದರೆ ನಮ್ಮ ದನಿ ನಮಗೇ ಕೇಳಿಸುತ್ತಿತ್ತು. ಫೋನ್ ಹತ್ತಲಿಲ್ಲ. ಎರಡು ಗಂಟೆ ಹುಡುಕಿದ ಮೇಲೆ ಅಡ್ಡದಾರಿಯ ಒಂದು ಬಂಡೆಯ ಬುಡದಲ್ಲಿ ಸಿಕ್ಕ. ಕಾಲು ಮುರಿದುಕೊಂಡು ನಡುಗುತ್ತಾ ಕೂತಿದ್ದ. ಜೀಪಿನ ಚಾಲಕರು ಇಬ್ಬರು ಬಂದು ಹೊತ್ತು ಇಳಿಸಿದರು. ಆ ಪುಣ್ಯಾತ್ಮರು ಒಂದು ಪೈಸೆ ಮುಟ್ಟಲಿಲ್ಲ.

ಮದುವೆ ದಿನ ಹುಡುಗ ಪ್ಲಾಸ್ಟರ್ ಹಾಕಿಸಿಕೊಂಡು ಮಂಟಪದ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅಣ್ಣನ ಹಿಂದೆ ನಿಲ್ಲಬೇಕಾದವನು. ಊಟದ ಪಂಕ್ತಿಯಲ್ಲಿ ಅವರಮ್ಮ ನನ್ನ ಎಲೆಗೆ ಹೋಳಿಗೆ ಬಡಿಸುತ್ತಾ, ‘ನೀನು ಮುಂದೆ ಹೋಗಿದ್ದೆಯಂತಲ್ಲಪ್ಪ’ ಅಂದರು. ಬೈಯಲಿಲ್ಲ, ಅಷ್ಟೇ ಹೇಳಿ ಮುಂದಿನ ಎಲೆಗೆ ಹೋದರು. ಆ ಹೋಳಿಗೆ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾದರೆ ಪಾರ್ಟಿ ಬೇಡವೇ?

ಬೇಕು. ಖಂಡಿತ ಬೇಕು. ಆದರೆ ಗುಡ್ಡವನ್ನು ಆರಿಸುವ ಮುಂಚೆ ಜನರನ್ನು ಎಣಿಸಿ. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳಿ: ಎಷ್ಟು ನಡೆಯುತ್ತೀಯ, ಏನು ಕಾಯಿಲೆ ಇದೆ, ಎಷ್ಟು ದುಡ್ಡು ಹಾಕಬಲ್ಲೆ? ನಾಲ್ಕು ಜನರ ಎದುರು ‘ನನ್ನ ಕೈಲಾಗಲ್ಲ’ ಅನ್ನಲು ಗಂಡು ಹುಡುಗರಿಗೆ ನಾಚಿಕೆ. ದುಡ್ಡಿನ ವಿಷಯದಲ್ಲೂ ಹಾಗೇ. ಅಂಗಡಿ ಕೆಲಸದವನಿಗೆ ಎರಡು ದಿನ ರಜೆಯೆಂದರೆ ಎರಡು ದಿನದ ಸಂಬಳ ಖೋತಾ. ಎಲ್ಲರ ಮೇಲೂ ಒಂದೇ ಸಮ ವಂತಿಗೆ ಹೇರಿದರೆ ಬಡವನು ಸಾಲ ಮಾಡಿ ನಗಬೇಕಾಗುತ್ತದೆ.

ನಡೆಯುವವರೂ ನಡೆಯಲಾರದವರೂ ಇಬ್ಬರೂ ಇರುವ ತಂಡಕ್ಕೆ ನಮ್ಮ ಕೊಡಚಾದ್ರಿಯೇ ಒಳ್ಳೆಯದು. ಎತ್ತರ 1343 ಮೀಟರ್. ದಾರಿ ತೆರೆದಿರುವ ದಿನ ನೋಡಿಕೊಂಡು ಗಟ್ಟಿ ಕಾಲಿನವರು ನಡೆದು ಹತ್ತಲಿ, ಉಳಿದವರು ಜೀಪಿನಲ್ಲಿ ಬರಲಿ. ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಎಲ್ಲರೂ ಕೂಡಿ, ಸರ್ವಜ್ಞ ಪೀಠಕ್ಕೆ ಒಟ್ಟಿಗೆ ಹೋಗಿ ಬಂದರಾಯಿತು. ಗುಡ್ಡವೇ ಬೇಡವೆಂದರೆ ಸಾಗರದ ಕಡೆ ಹೊನ್ನೆಮರಡು ಇದೆ. ಶರಾವತಿ ಹಿನ್ನೀರಿನಲ್ಲಿ ದೋಣಿ ನಡೆಸುವುದನ್ನು ಹೊಸಬರೂ ಕಲಿಯಬಹುದು. ಈಜು ಬಂದರೂ ಬರದಿದ್ದರೂ ಲೈಫ್ ಜಾಕೆಟ್ ಮಾತ್ರ ಬಿಡುವಂತಿಲ್ಲ. ಬೆಂಕಿ ಸುತ್ತ ಕೂರುವ ಆಸೆಗೆ ಯಾವುದಾದರೂ ಹೋಂಸ್ಟೇ ಅಂಗಳ ಸಾಕು.

ನಡೆಯುವಾಗ ದಾರಿ ಬಲ್ಲವನೊಬ್ಬ ಮುಂದೆ, ಗಟ್ಟಿಗನೊಬ್ಬ ಕಟ್ಟಕಡೆಗೆ ಇರಲಿ. ನಡುವೆ ಇರುವವರು ಇಬ್ಬರ ಕಣ್ಣಳತೆ ತಪ್ಪಬಾರದು. ಕವಲು ಬಂದಲ್ಲಿ ಎಲ್ಲರೂ ಸೇರುವ ತನಕ ನಿಲ್ಲಿ. ತಲೆಗೆ ಮೂರು ಲೀಟರ್ ನೀರು, ಒಂದು ಟಾರ್ಚು, ಒಂದು ವಿಷಲ್. ಬೂಟು ಹಳೆಯದೇ ಇರಲಿ. ಕುಡಿಯುವವರು ಕೆಳಗಿಳಿದ ಮೇಲೆ ಕುಡಿಯಲಿ. ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ಒಂದು ಚೀಟಿ ಮನೆಯಲ್ಲಿ ಬರೆದಿಟ್ಟು ಹೋಗಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಮನೆಯವರು 112ಕ್ಕೆ ಫೋನ್ ಮಾಡಬಹುದು.

ಅಂಗಡಿ ಮಾಲೀಕರಿಗೂ ಒಂದು ಬಿನ್ನಹ. ಹುಡುಗ ರಜೆ ಕೇಳಿದಾಗ ‘ಸೀಸನ್ ಟೈಮಲ್ಲಿ ರಜೆ ಬೇಕಾ?’ ಎಂದು ಗದರಿಸುವ ಮುಂಚೆ, ಡಿಸೆಂಬರಿನಲ್ಲೇ ಎರಡು ದಿನ ಕೊಟ್ಟುಬಿಡಿ. ಮದುವೆಯ ಹೊಸ್ತಿಲಲ್ಲಿ ಅವಸರ ಮಾಡಿ ಕಾಲು ಮುರಿದುಕೊಂಡರೆ ನಿಮ್ಮ ಕೌಂಟರೂ ಎರಡು ತಿಂಗಳು ಖಾಲಿ.

ಇಷ್ಟನ್ನೂ ಆ ಚಹಾದಂಗಡಿಯಲ್ಲೇ ಹುಡುಗರಿಗೆ ಹೇಳಿದೆ. ಮೂರು ಸಲ ಹತ್ತಿದವನಿಗೆ ಅಷ್ಟು ಹಿಡಿಸಲಿಲ್ಲ. ‘ಯಾರು ಸ್ವಾಮಿ ನೀವು?’ ಅಂತ ಮುಖ ನೋಡಿದ. ಆಗ ದಮ್ಮಿನ ಹುಡುಗ ಮೊದಲ ಸಲ ಬಾಯಿಬಿಟ್ಟ. ‘ಅಣ್ಣ, ಆ ಜೀಪಲ್ಲಿ ಎಷ್ಟು ಜನ ಕೂರಬಹುದು?’ ಅಂದ.

ಅಂಗಡಿ ಕೆಲಸದ ಮೂವರೂ ‘ಹೌದಣ್ಣ, ಎಷ್ಟು ಜನ?’ ಅಂದರು. ಮದುಮಗನೂ ಅವರ ಕಡೆಗೇ ಸರಿದು ಕೂತ.