ಅತಿಥಿಯ ಬಟ್ಟೆ, ಮನೆಯ ನೀರು

ಮೂರು ದಿನಕ್ಕೋ ಮೂರು ವಾರಕ್ಕೋ ಬಾಡಿಗೆಗೆ ಕೊಡುವ ಮನೆಗಳಲ್ಲಿ ಮಂಚ, ಗ್ಯಾಸ್ ಒಲೆ, ಫ್ರಿಜ್ಜುಗಳ ಮೇಲೆ ಯಾರೂ ನಿಯಮ ಬರೆದು ಅಂಟಿಸುವುದಿಲ್ಲ. ವಾಷಿಂಗ್ ಮೆಷಿನ್ ಮೇಲೆ ಮಾತ್ರ ಒಂದು ಚೀಟಿ ಇದ್ದೇ ಇರುತ್ತದೆ. ನೀರು, ಕರೆಂಟು, ಸದ್ದು, ಬಿಸಿಲು ನಾಲ್ಕನ್ನೂ ಒಟ್ಟಿಗೆ ಬೇಡುವ ಸಾಮಾನು ಅದು. ಮಾಲೀಕರಿಗೂ ಅತಿಥಿಗಳಿಗೂ ತಕರಾರು ಹುಟ್ಟುವುದಾದರೆ ಬಹುಮಟ್ಟಿಗೆ ಅಲ್ಲೇ ಹುಟ್ಟುತ್ತದೆ. ಇದಕ್ಕೆ ಈಚೆಗೆ ಚಾಲ್ತಿಗೆ ಬಂದಿರುವ ಪರಿಹಾರವೆಂದರೆ ಒಂದು ಲೋಡಿಗೆ ಇಂತಿಷ್ಟು ಎಂದು ದರ ಕಟ್ಟುವುದು. ಬಳಸಿದವರು ಕೊಡಲಿ, ಬಳಸದವರಿಗೆ ಹೊರೆ ಬೇಡ ಎಂಬ ಈ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಯಾವ ಖರ್ಚಿಗೆ ಈ ದರ, ಯಾವ ಹಾನಿಗೆ ಈ ತಡೆ ಎಂದು ಬಿಡಿಸಿ ನೋಡಿದರೆ ದರದ ಚೀಟಿ ಕೆಲಸಕ್ಕೆ ಬಾರದ್ದು ಎಂದು ಗೊತ್ತಾಗುತ್ತದೆ. ಗೊತ್ತುಮಾಡಬೇಕಾದದ್ದು ಬಟ್ಟೆ ಒಗೆಯುವ ಹೊತ್ತನ್ನು.

ಮೈಸೂರಿನ ಹಿನಕಲ್ ಈ ಪ್ರಶ್ನೆಯನ್ನು ಇಟ್ಟು ನೋಡಲು ತಕ್ಕ ಊರು. ಹುಣಸೂರು ರಸ್ತೆ ಹೊರವರ್ತುಲ ರಸ್ತೆಯನ್ನು ಸಂಧಿಸುವ ಕಡೆ ಇರುವ ಈ ಹಳೆಯ ಹಳ್ಳಿ ಈಗ ನಗರದೊಳಗೇ ಬೆರೆತುಹೋಗಿದೆ. ಒಂದು ಮಗ್ಗುಲಿಗೆ ವಿಜಯನಗರದ ಬಡಾವಣೆ, ಇನ್ನೊಂದು ಕಡೆ ಹೆಬ್ಬಾಳದ ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ತರಬೇತಿ ಕೇಂದ್ರ. ಗೋಕುಲಂ ಕೂಡ ದೂರವಿಲ್ಲ. ಇಂಥ ಕಡೆ ಮನೆ ಹಿಡಿಯುವವರಲ್ಲಿ ತರಬೇತಿಗೆ ಸೇರಿದ ಮಕ್ಕಳನ್ನು ನೋಡಲು ಬಂದ ತಂದೆತಾಯಂದಿರು, ದಸರೆಗೆ ಬರುವ ಕುಟುಂಬಗಳು, ಕೊಡಗಿನ ಮಳೆಯಲ್ಲಿ ನೆನೆದು ಕೆಸರು ಬಟ್ಟೆಯ ಗಂಟಿನೊಡನೆ ಇಳಿದು ಬರುವವರು, ತಿಂಗಳುಗಟ್ಟಲೆ ತಂಗುವ ಯೋಗದ ವಿದ್ಯಾರ್ಥಿಗಳು ಎಲ್ಲರೂ ಸೇರುತ್ತಾರೆ. ಮನೆಯ ಕಟ್ಟಣೆ ಸಾಮಾನ್ಯವಾಗಿ ಒಂದೇ ಥರ. ಕೆಳಗೆ ಮಾಲೀಕರು, ಮಹಡಿಯಲ್ಲಿ ಅತಿಥಿಗಳು. ಇಬ್ಬರಿಗೂ ಒಂದೇ ಸಂಪು, ಒಂದೇ ಟ್ಯಾಂಕು, ಒಂದೇ ಟೆರೇಸು.

ಮೊದಲು ಕರೆಂಟಿನ ಲೆಕ್ಕ. ತಣ್ಣೀರಿನಲ್ಲಿ ಒಗೆದರೆ ಮೆಷಿನ್‌ನ ಮೋಟಾರು ತಿನ್ನುವುದು ಅರ್ಧ ಯೂನಿಟ್ಟಿಗೂ ಕಡಿಮೆ. ನಲವತ್ತು ಡಿಗ್ರಿಗೆ ನೀರು ಕಾಯಿಸಿಕೊಂಡರೂ ಒಂದು ಯೂನಿಟ್ಟಿನ ಆಸುಪಾಸು, ಅಂದರೆ ಆರೇಳು ರೂಪಾಯಿಯೊಳಗೆ ಮುಗಿಯುವ ಬಾಬತ್ತು. ಇದಕ್ಕೆ ನೂರು ಇನ್ನೂರು ವಸೂಲು ಮಾಡುವವರು ಕರೆಂಟಿನ ಹೆಸರು ಹೇಳಬಾರದು. ಉಚಿತ ಕರೆಂಟು ಕೊಡುವ ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ ಎಂಬ ಅಳಲು ನಿಜವೇ. ಆದರೆ ಗೃಹಬಳಕೆಗೆಂದು 2023ರಲ್ಲಿ ಬಂದ ಯೋಜನೆಯನ್ನು ದಿನಬಾಡಿಗೆಯ ವ್ಯವಹಾರಕ್ಕೂ ಎಳೆದುಕೊಂಡವರು ಅತಿಥಿಯ ಮೇಲೆ ದೂರು ಹೇಳುವುದು ಚೆಂದವಲ್ಲ.

ನೀರಿನ ಲೆಕ್ಕ ಬೇರೆ. ಮುಂದೆ ಬಾಗಿಲಿರುವ ಮೆಷಿನ್ ಒಂದು ಒಗೆತಕ್ಕೆ ಸುಮಾರು ಐವತ್ತು ಲೀಟರ್ ಕುಡಿದರೆ, ಮೇಲೆ ಬಾಗಿಲಿರುವುದು ನೂರು ದಾಟುತ್ತದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನೀರು ಸರಬರಾಜು ಯೋಜನೆಗಳ ಮಾನದಂಡ. ಅತಿಥಿಗಳು ಒಂದೇ ಬೆಳಿಗ್ಗೆ ಮೂರು ಲೋಡು ಹಾಕಿದರೆ ಹೇಳದೆ ಕೇಳದೆ ಇನ್ನೂ ಇಬ್ಬರು ನೆಂಟರು ಬಂದಿಳಿದಂತೆ. ಸಾವಿರ ಲೀಟರಿನ ಟ್ಯಾಂಕು ನಡು ಹಗಲಿಗೇ ಖಾಲಿಯಾಗಿ, ಕೆಳಗಿನ ಮನೆಯವರ ನಲ್ಲಿಯಲ್ಲಿ ಗಾಳಿ ಬರತೊಡಗಿದಾಗ ಅತಿಥಿ ಕೊಟ್ಟ ಹಣ ಬಕೆಟ್ಟು ತುಂಬಿಸುವುದಿಲ್ಲ. ಕೊರತೆ ಇರುವುದು ಆ ಹೊತ್ತಿನ ನೀರಿಗೆ.

ದರದ ಪಕ್ಷದವರಲ್ಲಿ ಒಂದು ವಾದಕ್ಕೆ ಮರ್ಯಾದೆ ಕೊಡಲೇಬೇಕು. ಎರಡು ಅಂಗಿ ತಂದ ಒಂಟಿ ಪ್ರಯಾಣಿಕ, ಆರು ಜನರ ಕುಟುಂಬದ ಬಟ್ಟೆಯ ಖರ್ಚನ್ನು ತನ್ನ ಬಾಡಿಗೆಯಲ್ಲಿ ಏಕೆ ಹೊರಬೇಕು? ದರವಿದ್ದರೆ ಜನ ಯೋಚಿಸಿ ಬಳಸುತ್ತಾರೆ ಎಂಬುದೂ ಅದೇ ವಾದದ ಮುಂದುವರಿಕೆ. ಮೊದಲ ಭಾಗಕ್ಕೆ ಉತ್ತರ ಸುಲಭ: ಆರು ಜನರಿಗೆ ಬಾಡಿಗೆಯೇ ಹೆಚ್ಚಿರಲಿ. ಎರಡನೆಯ ಭಾಗ ಮಾತ್ರ ಅನುಭವಕ್ಕೆ ವಿರುದ್ಧ. ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳಲ್ಲಿ ಅರ್ಥಶಾಸ್ತ್ರಜ್ಞರಾದ ಉರಿ ಗ್ನೀಜಿ, ಆಲ್ಡೊ ರುಸ್ಟಿಕೀನಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿಯಾದದ್ದು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಆರು ಕೇಂದ್ರಗಳಲ್ಲಿ ದಂಡ ಹಾಕಲಾಯಿತು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡರಷ್ಟಾದರು. ಅಲ್ಲಿಯವರೆಗೆ ಇದ್ದ ಸಂಕೋಚ ದುಡ್ಡು ಕೊಟ್ಟ ಮೇಲೆ ಹೋಯಿತು. ದಂಡ ತೆಗೆದ ಮೇಲೂ ಅದು ಮರಳಲಿಲ್ಲ. ಮಹಡಿ ಮನೆಯ ಅತಿಥಿಯೂ ಮನುಷ್ಯನೇ. ದುಡ್ಡು ಕೊಟ್ಟವನು ರಾತ್ರಿ ಹನ್ನೊಂದಕ್ಕೆ ಮೆಷಿನ್ ಹಾಕಿದರೆ, ಅವನನ್ನು ತಡೆಯುವ ಮಾತು ಮಾಲೀಕರ ಬಾಯಲ್ಲಿ ಉಳಿದಿರುವುದಿಲ್ಲ. ಇನ್ನು ಅತಿಥಿ ದೇವರಾದ್ದರಿಂದ ಏನನ್ನೂ ಕೇಳಕೂಡದು ಎನ್ನುವವರು ಒಮ್ಮೆ ಖಾಲಿ ಸಂಪಿನೊಳಗೆ ಇಣುಕಿ ನೋಡಲಿ.

ಹಾನಿಯ ಭಯ ಖರ್ಚಿಗಿಂತ ದೊಡ್ಡದು. ಆದರೆ ಅತಿಥಿಯ ತಲೆಗೆ ಕಟ್ಟುವ ಎಷ್ಟೋ ಕೆಡುಕುಗಳ ಮೂಲ ಮನೆಯಲ್ಲೇ ಇರುತ್ತದೆ. ಮುಂದೆ ಬಾಗಿಲಿರುವ ಹಲವು ಮೆಷಿನ್‌ಗಳಿಗೆ ಒಳಬರುವ ನೀರಿನ ಒತ್ತಡ ಕನಿಷ್ಠ 0.3 ಬಾರ್ ಬೇಕು, ಅಂದರೆ ಟ್ಯಾಂಕು ಮೆಷಿನ್‌ನ ನೀರಿನ ಬಾಯಿಂದ ಸುಮಾರು ಮೂರು ಮೀಟರ್ ಮೇಲಿರಬೇಕು. ತಾರಸಿಯ ಮೇಲೆ ಗಿಡ್ಡ ಕಟ್ಟೆ ಕಟ್ಟಿ ಟ್ಯಾಂಕು ಕೂರಿಸಿದ ಮನೆಯ ಮೇಲಂತಸ್ತಿನಲ್ಲಿ ಅಷ್ಟು ಎತ್ತರ ಸಿಗದು. ಮೆಷಿನ್ ನೀರಿಗಾಗಿ ಕಾದು ಕಾದು ತಪ್ಪಿನ ಸಂಕೇತ ತೋರಿಸಿ ನಿಲ್ಲುತ್ತದೆ. ಅತಿಥಿ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತುತ್ತಾನೆ. ಬೋರ್‌ವೆಲ್ ನೀರಿನ ಗಡಸುತನದ್ದೂ ಇದೇ ಕಥೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಅದನ್ನು ಮೀರಿದ ನೀರು ಹೀಟರಿನ ಸುರುಳಿಗೆ ಸುಣ್ಣ ಕಟ್ಟುತ್ತದೆ, ಸೋಪಿನ ನೊರೆ ಏಳಗೊಡುವುದಿಲ್ಲ. ನೊರೆ ಬರಲಿಲ್ಲವೆಂದು ಅತಿಥಿ ಇನ್ನಷ್ಟು ಪುಡಿ ಸುರಿಯುತ್ತಾನೆ. ಕೈಯಲ್ಲಿ ಒಗೆಯುವ ಪುಡಿಯನ್ನೇ ಸುರಿದರೆ ಗಡಸಲ್ಲದ ಕಾವೇರಿ ನೀರು ಬಂದ ದಿನ ನೊರೆ ಉಕ್ಕಿ ಮೆಷಿನ್ ನಿಲ್ಲುತ್ತದೆ. ಅಳತೆಯ ಚಮಚದೊಡನೆ ಸರಿಯಾದ ಪುಡಿಯನ್ನು ಮನೆಯವರೇ ಇಡುವುದು ಮೆಕ್ಯಾನಿಕ್ಕನ್ನು ಕರೆಸುವುದಕ್ಕಿಂತ ಅಗ್ಗ.

ಮೈಸೂರಿಗೇ ವಿಶೇಷವಾದ ಒಂದು ಹಾವಳಿ ಹರಳೆಣ್ಣೆಯದು. ಕೆ. ಪಟ್ಟಾಭಿ ಜೋಯಿಸರು (1915–2009) ಲಕ್ಷ್ಮೀಪುರಂನಲ್ಲಿ ಕಲಿಸುತ್ತಿದ್ದ ಅಷ್ಟಾಂಗ ಯೋಗ 2002ರಲ್ಲಿ ಗೋಕುಲಂಗೆ ಬಂದ ಮೇಲೆ ಸುತ್ತಲಿನ ಮನೆಗಳು ವಿದೇಶಿ ವಿದ್ಯಾರ್ಥಿಗಳಿಂದ ತುಂಬಿದವು. ಆ ಪದ್ಧತಿಯಲ್ಲಿ ಶನಿವಾರ ಅಭ್ಯಾಸಕ್ಕೆ ಬಿಡುವು, ಮೈಕೈ ನೋವಿಗೆ ಹರಳೆಣ್ಣೆಯ ಅಭ್ಯಂಜನ. ನಿತ್ಯ ಬೆವರಿದ ಬಟ್ಟೆಯ ಜೊತೆಗೆ ವಾರಕ್ಕೊಮ್ಮೆ ಎಣ್ಣೆ ಕುಡಿದ ಟವೆಲ್ಲು ಮೆಷಿನ್ ಸೇರುತ್ತದೆ. ಹರಳೆಣ್ಣೆ ಬಲು ಮಂದ, ತಣ್ಣೀರಿಗೆ ಜಗ್ಗುವುದಿಲ್ಲ. ಡ್ರಮ್ಮಿಗೆ, ಬಾಗಿಲಿನ ರಬ್ಬರಿಗೆ ಮೆತ್ತಿಕೊಂಡು ಮುಂದಿನ ಅತಿಥಿಯ ಅಂಗಿಗೂ ಕಮಟು ವಾಸನೆ ಹಿಡಿಸುತ್ತದೆ. ಎಳ್ಳೆಣ್ಣೆಯಂಥ ಎಣ್ಣೆಗಳದ್ದು ಇನ್ನೂ ಒಂದು ಅಪಾಯ: ಎಣ್ಣೆ ಪೂರ್ತಿ ಹೋಗದ ಟವೆಲ್ಲುಗಳನ್ನು ಡ್ರೈಯರಿನಲ್ಲಿ ಒಣಗಿಸಿ, ಬಿಸಿಯಿರುವಾಗಲೇ ಮಡಚಿ ಒಟ್ಟಿದರೆ ಅವು ಒಳಗೊಳಗೇ ಕಾವು ಏರಿ ಹೊತ್ತಿಕೊಳ್ಳಬಹುದು. ಮಸಾಜು ಕೇಂದ್ರಗಳಲ್ಲಿ, ಲಾಂಡ್ರಿಗಳಲ್ಲಿ ಇಂಥ ಬೆಂಕಿ ಅಪರೂಪವಲ್ಲ. ಎಣ್ಣೆಸ್ನಾನವನ್ನೇ ನಿಷೇಧಿಸಿ ಬೋರ್ಡು ಹಾಕಿದರೆ, ಅದಕ್ಕೆಂದೇ ಮೈಸೂರಿಗೆ ಬಂದವರು ಕದ್ದು ಮಾಡುತ್ತಾರೆ, ಅಷ್ಟೆ. ಈ ನಾಡಿನ ಹೆಂಗಸರು ಇದನ್ನು ಎಂದೋ ಬಗೆಹರಿಸಿಕೊಂಡಿದ್ದರು. ಎಣ್ಣೆ ನೀರಿಗೆ ಎಂದು ಹಳೆಯ ಪಂಚೆಯ ತುಂಡೊಂದು ಬೇರೆಯೇ ಇರುತ್ತಿತ್ತು. ಸೀಗೆಪುಡಿಯಲ್ಲಿ ಎಣ್ಣೆ ಬಿಟ್ಟ ಮೈಯನ್ನು ಒರೆಸಿದ ಆ ತುಂಡು ಬಿಸಿನೀರಿನ ಬಕೆಟ್ಟಿಗೆ ಹೋಗುತ್ತಿತ್ತು, ಬೇರೆ ಬಟ್ಟೆಯೊಡನೆ ಬೆರೆಯುತ್ತಿರಲಿಲ್ಲ. ಬಚ್ಚಲಲ್ಲಿ ಗಾಢ ಬಣ್ಣದ ಎರಡು ಹಳೆ ಟವೆಲ್ಲು, ಒಂದು ಬಕೆಟ್ಟು ಇಟ್ಟು ‘ಎಣ್ಣೆಸ್ನಾನಕ್ಕೆ’ ಎಂದು ಬರೆದರೆ ಸಾಕು. ಅರಿಶಿನ, ಮೆಹಂದಿಗೂ ಇದೇ ಉಪಾಯ ನಡೆಯುತ್ತದೆ.

ಇನ್ನು ಹೊತ್ತು. ಬೆಳಿಗ್ಗೆ ಸ್ನಾನದ ಗದ್ದಲ ಮುಗಿದ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಮೆಷಿನ್ ಅತಿಥಿಗಳದ್ದು ಎಂದು ಗೊತ್ತುಮಾಡಿದರೆ ಹಲವು ತೊಡಕು ತಾನಾಗಿ ಕಳೆಯುತ್ತದೆ. ಟ್ಯಾಂಕಿಗೆ ನೀರು ಏರಿಸಲು ಎಡೆ ಸಿಗುತ್ತದೆ, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಹಿಂಡುವ ಸದ್ದು ಕೆಳಮನೆಯವರ ನಿದ್ದೆಗೆ ಬೀಳುವುದಿಲ್ಲ, ಬಟ್ಟೆಗೆ ಬಿಸಿಲು ಸಿಗುತ್ತದೆ. ವಠಾರಗಳ ಒಗೆಯುವ ಕಲ್ಲಿಗೂ ಸರದಿ ಇತ್ತು, ದರ ಇರಲಿಲ್ಲ. ಹಗಲೆಲ್ಲ ಹೊರಗಿರುವ ಅತಿಥಿಗೆ ಈ ಹೊತ್ತು ಒಗ್ಗದು ಎಂಬ ಆಕ್ಷೇಪ ಸರಿಯಾದದ್ದೇ. ಅಂಥವರು ಬಟ್ಟೆಯನ್ನು ಬುಟ್ಟಿಯಲ್ಲಿಟ್ಟು ಹೋದರೆ ಮನೆಯವರು ಒಗೆದು ಹರವಬಹುದು. ಆ ಸೇವೆಗೆ ದುಡ್ಡು ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಅದು ಕೈಕೆಲಸದ ಕೂಲಿ.

ಒಣಗಿಸುವುದನ್ನು ಮರೆತು ಒಗೆಯಲು ಬಿಡುವವರೇ ಹೆಚ್ಚು. ಮೈಸೂರಿನ ದೊಡ್ಡ ಮಳೆ ಜುಲೈನದಲ್ಲ. ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಅದು ಸುರಿಯುತ್ತದೆ. ಮನೆಗಳು ತುಂಬುವ ದಸರೆಯೂ ಅದೇ ಹೊತ್ತಿಗೆ ಬರುತ್ತದೆ. ಟೆರೇಸಿನ ಹಗ್ಗ ನೆನೆದಾಗ ಒದ್ದೆ ಬಟ್ಟೆ ಸೋಫಾದ ಬೆನ್ನು, ಬಾಗಿಲ ಚಿಲಕ, ತೇಗದ ಕುರ್ಚಿ ಏರುತ್ತದೆ. ಆಮೇಲೆ ಪಾಲಿಶ್ ಕಿತ್ತಿತೆಂದು ಮಾಲೀಕರು ಗೊಣಗುತ್ತಾರೆ. ಮಡಚುವ ಸ್ಟ್ಯಾಂಡು, ಒಂದು ಡಬ್ಬಿ ಕ್ಲಿಪ್ಪು, ಟೆರೇಸಿನ ಮೂಲೆಗೊಂದು ಶೀಟಿನ ಮಾಡು ಇಲ್ಲದ ಮನೆ ಮೆಷಿನ್ ಇದೆಯೆಂದು ಜಾಹೀರಾತು ಕೊಡಬಾರದು. ಬೀದಿಯ ಇಸ್ತ್ರಿ ಅಂಗಡಿ, ಲಾಂಡ್ರಿಗಳ ವಿಳಾಸ ಬರೆದಿಡುವುದು ಒಳ್ಳೆಯದು. ಎಲ್ಲವನ್ನೂ ಅಲ್ಲಿಗೇ ಕಳಿಸಿ ಮೆಷಿನ್ ತೆಗೆದುಬಿಡಿ ಎನ್ನುವವರ ಮಾತಲ್ಲೂ ಸತ್ವವಿದೆ, ನಾಲ್ಕು ಜನರಿಗೆ ಕೆಲಸವಾಗುತ್ತದೆ. ಆದರೆ ಒಳಬಟ್ಟೆಯನ್ನೂ ಮಗುವಿನ ಬಟ್ಟೆಯನ್ನೂ ಊರಿಗೆ ಹೊಸಬರು ಅಂಗಡಿಗೆ ಕೊಡಲಾರರು.

ಕೊನೆಗೆ ಕಾವಲು ಮತ್ತು ನಷ್ಟದ ಮಾತು. ಬಳಕೆ ಎಣಿಸಲು ಮೆಷಿನ್ ಎದುರು ಕ್ಯಾಮೆರಾ ಇಡುವುದು ಅಸಭ್ಯತನ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನೇ ನಿಷೇಧಿಸಿದೆ. ಡೆಪಾಸಿಟ್ಟಿನಿಂದ ಹಿಡಿದುಕೊಳ್ಳುವುದಾದರೆ ಯಾವುದಕ್ಕೆ ಎಂಬುದು ಮೊದಲೇ ಬರೆದಿರಬೇಕು. ಬಾಗಿಲಿನ ಬೀಗ ಬಿಡುವ ಮೊದಲೇ ಹಿಡಿ ಎಳೆದು ಮುರಿದರೆ, ಜೇಬಿನ ನಾಣ್ಯ ಹೋಗಿ ಪಂಪು ಕಟ್ಟಿದರೆ ಅತಿಥಿ ತೆರಲಿ. ಸುಣ್ಣ ಕಟ್ಟಿದ ಹೀಟರು, ಹಳೆಯ ನೀರಿನ ಪೈಪು, ಗಡಗಡ ಎನ್ನುವ ಬೇರಿಂಗು ಮಾಲೀಕರ ಪಾಲು. ಬೇರಿಂಗು ಸವೆಯಲು ವರ್ಷಗಳೇ ಬೇಕು, ಶುಕ್ರವಾರ ಬಂದು ಭಾನುವಾರ ಹೋದವರಿಂದ ಅದು ಆಗುವ ಕೆಲಸವಲ್ಲ.