ಹಳೆಯ ಕಾರಿನ ಗುಣ, ಹೊಸ ಯಜಮಾನನ ಹೊಣೆ

ಕಳೆದ ತಿಂಗಳು ರಾಣೇಬೆನ್ನೂರು ಕಡೆಯ ಓದುಗ ಬಂಧುವೊಬ್ಬರಿಂದ ಪತ್ರ ಬಂದಿತು. ಅವರ ವೃದ್ಧ ತಾಯಿಯವರಿಗೆ ಮೂತ್ರಪಿಂಡದ ತೊಂದರೆಯಿದ್ದು, ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗಾಗಿ ಪರಊರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ. ಬಸ್ಸಿನಲ್ಲಿ ಹೋಗಿಬರುವುದು ಆ ತಾಯಿಗೆ ಹಿಂಸೆ. ಪ್ರತಿ ಸಲ ಬಾಡಿಗೆ ಕಾರು ಮಾಡುವುದು ಮಗನ ಸಂಬಳಕ್ಕೆ ಹಿಂಸೆ. ಕೂಡಿಟ್ಟ ಒಂದು ಲಕ್ಷ ರೂಪಾಯಿಗಳಲ್ಲಿ ಒಂದು ಹಳೆಯ ಪುಟ್ಟ ಕಾರನ್ನು ಕೊಳ್ಳಬೇಕೆಂದು ಅವರು ಯೋಚಿಸಿದ್ದಾರೆ. “ಕಾರು ಚೆಂದವಿರಬೇಕೆಂದು ನಾನು ಕೇಳುವುದಿಲ್ಲ. ನಡುದಾರಿಯಲ್ಲಿ ತಾಯಿಯವರನ್ನು ಕೂರಿಸಿಕೊಂಡು ನಿಂತುಬಿಟ್ಟರೆ ಏನು ಗತಿ? ಹಳೆಯ ಕಾರನ್ನು ನಂಬಬಹುದೇ?” ಎಂಬುದು ಅವರ ಪ್ರಶ್ನೆ.

ಒಂದು ಸಾಲಿನಲ್ಲಿ ಉತ್ತರಿಸಿಬಿಡಬಹುದಾದ ಪ್ರಶ್ನೆ ಇದಲ್ಲ. ನಾನು ಯಂತ್ರಶಾಸ್ತ್ರ ಓದಿದವನೂ ಅಲ್ಲ. ಆದರೆ ಒಂಬತ್ತು ವರ್ಷಗಳ ಕಾಲ ಹಳೆಯ ಕಾರೊಂದರ ಯಜಮಾನನಾಗಿದ್ದೆ; ನನ್ನಂತೆಯೇ ಹಳೆಯ ಕಾರು ಕೊಂಡ ನಾಲ್ಕಾರು ಜನ ಬಂಧುಮಿತ್ರರ ಸುಖದುಃಖಗಳನ್ನು ಹತ್ತಿರದಿಂದ ಬಲ್ಲೆ. ಆ ಅನುಭವಗಳನ್ನೇ ಇಲ್ಲಿ ಒಪ್ಪಿಸುತ್ತೇನೆ.

ನಮ್ಮಂಥ ಮಧ್ಯಮ ವರ್ಗದ ಸಂಸಾರಗಳಿಗೆ ಕಾರೆಂಬುದು ಕೈಗೆಟುಕುವಂತಾದದ್ದು ಮಾರುತಿ 800 ಬಂದ ಮೇಲೆ. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಅದರ ಮೊದಲ ಕಾರಿನ ಬೀಗದ ಕೈಯನ್ನು ದೆಹಲಿಯ ಒಬ್ಬ ಗ್ರಾಹಕರಿಗೆ ಹಸ್ತಾಂತರಿಸಿದರು. ಅಲ್ಲಿಯವರೆಗೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೇ ರಸ್ತೆಯ ದೊರೆಗಳಾಗಿದ್ದವು. ಮೂರು ಸಿಲಿಂಡರುಗಳ, 796 ಸಿಸಿ ಸಾಮರ್ಥ್ಯದ ಪುಟ್ಟ ಎಂಜಿನ್, ಹಗುರವಾದ ಒಡಲು, ಮುಂದಿನ ಗಾಲಿಗಳಿಗೇ ಚಾಲನೆ – ಇವೆಲ್ಲ ಆಗ ನಮ್ಮ ಜನರಿಗೆ ಹೊಸತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಮೂರು ದಶಕಗಳ ಕಾಲ ಲಕ್ಷಗಟ್ಟಲೆ ತಯಾರಾದ ಕಾರಾದ್ದರಿಂದ, ಇಂದಿಗೂ ಸಣ್ಣ ಪೇಟೆಗಳಲ್ಲಿ ಅದರ ರಿಪೇರಿ ಬಲ್ಲ ಮಿಸ್ತ್ರಿಗಳು ಸಿಗುತ್ತಾರೆ. ಹಳೆಯ ವಾಹನದ ವಿಶ್ವಾಸಾರ್ಹತೆಯಲ್ಲಿ ಇದು ದೊಡ್ಡ ಪಾಲು ಪಡೆಯುತ್ತದೆ. ಕೆಡದಿರುವ ಯಂತ್ರ ಜಗತ್ತಿನಲ್ಲಿಲ್ಲ. ಕೆಟ್ಟಾಗ ಸಂಜೆಯೊಳಗೆ ಸರಿಪಡಿಸಿಕೊಳ್ಳಲು ಸಾಧ್ಯವೇ ಎಂಬುದೇ ಸಂಸಾರಸ್ಥನ ಪಾಲಿಗೆ ಮುಖ್ಯವಾದ ಪ್ರಶ್ನೆ.

ನಾನು 2009ರಲ್ಲಿ ಕೊಂಡದ್ದು 2002ನೆಯ ಇಸವಿಯ ಮಾರುತಿ 800. ಮೊದಲಿನ ಯಜಮಾನರು ಸರಕಾರಿ ನೌಕರಿಯಲ್ಲಿದ್ದವರು. ಎಣ್ಣೆ ಬದಲಿಸಿದ ದಿನಾಂಕಗಳನ್ನೆಲ್ಲ ಬರೆದಿಟ್ಟಿದ್ದರು. ಮೊದಲ ಎರಡು ವರ್ಷ ಅದು ನನಗೆ ಒಂದು ದಿನವೂ ತೊಂದರೆ ಕೊಡಲಿಲ್ಲ. ಅದರಿಂದಾಗಿ ನನ್ನ ತಲೆಗೆ ಒಂದು ಭ್ರಮೆ ಹತ್ತಿತು – ಈ ಕಾರಿಗೆ ಏನೂ ಮಾಡಬೇಕಾಗಿಲ್ಲ, ಪೆಟ್ರೋಲು ಹಾಕಿದರೆ ಸಾಕು ಎಂದು.

2011ರ ಮೇ ತಿಂಗಳಲ್ಲಿ ಕುಮಟೆಯಲ್ಲಿ ಸ್ನೇಹಿತರ ಮಗಳ ಮದುವೆ ಮುಗಿಸಿಕೊಂಡು ಶಿರಸಿಯ ಮಾರ್ಗವಾಗಿ ಹಿಂದಿರುಗುತ್ತಿದ್ದೆವು. ಕಾರಿನಲ್ಲಿ ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು. ದೇವಿಮನೆ ಘಟ್ಟವನ್ನು ಏರುತ್ತಿರುವಾಗ ಶಾಖದ ಮುಳ್ಳು ಮೇಲಕ್ಕೆ ಸರಿಯತೊಡಗಿತು. ಹೊತ್ತು ಇಳಿಯುತ್ತಿತ್ತು, ಸುತ್ತ ಕಾಡು. “ಘಟ್ಟ ಹತ್ತಿಬಿಡೋಣ, ಆಮೇಲೆ ನೋಡೋಣ” ಎಂದುಕೊಂಡು ಮುಂದುವರಿಸಿದೆ. ಎರಡು ತಿರುವು ದಾಟುವಷ್ಟರಲ್ಲಿ ಮುಂಭಾಗದಿಂದ ಹಬೆ ಎದ್ದಿತು, ಎಂಜಿನ್ ನಿಂತಿತು. ಗಾಬರಿಯಿಂದ ಇಳಿದು ರೇಡಿಯೇಟರಿನ ಮುಚ್ಚಳ ತೆಗೆಯಲು ಕೈ ಹಾಕಿದೆ. ಕುದಿಯುವ ಕುಕ್ಕರಿನ ಮುಚ್ಚಳವನ್ನು ಯಾರಾದರೂ ತೆಗೆಯುತ್ತಾರೆಯೇ ಎಂದು ನನ್ನ ಪತ್ನಿ ಕೈ ಹಿಡಿದು ತಡೆದಳು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮಿ ಕಣ್ಣು ಕಳೆದುಕೊಳ್ಳುವ ಅಪಾಯವಿದೆಯೆಂಬುದು ಆ ಕ್ಷಣ ನನಗೆ ಹೊಳೆದಿರಲಿಲ್ಲ.

ಕಾರಣವೇನೆಂದರೆ, ನೀರು ಸಾಗಿಸುವ ಒಂದು ರಬ್ಬರು ಕೊಳವೆ ಸೀಳಿತ್ತು. ಆ ಕೊಳವೆ ಉಬ್ಬಿದೆ, ಬದಲಿಸಿರಿ ಎಂದು ನಮ್ಮೂರಿನ ಮಿಸ್ತ್ರಿ ಎರಡು ತಿಂಗಳ ಹಿಂದೆಯೇ ಎಚ್ಚರಿಸಿದ್ದ. ಕೆಲವು ನೂರು ರೂಪಾಯಿಗಳ ಆ ಕೆಲಸವನ್ನು ನಾನು ಮುಂದೂಡಿದ್ದೆ. ಇಂಥ ಎಂಜಿನ್ನುಗಳ ತಲೆಭಾಗ ಅಲ್ಯೂಮಿನಿಯಮ್ಮಿನದು. ಮಿತಿಮೀರಿ ಕಾದರೆ ಬಾಗುತ್ತದೆ, ಕೆಳಗಿನ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಮುಳ್ಳು ಏರಿದ ಕೂಡಲೇ ಬದಿಗೆ ನಿಲ್ಲಿಸಿದ್ದರೆ ಕೊಳವೆಯೊಂದನ್ನು ಬದಲಿಸಿದ್ದರೆ ಸಾಕಾಗುತ್ತಿತ್ತು. ಮುಂದೆ ಓಡಿಸಿದ್ದರಿಂದ ಎಂಜಿನ್ ಬಿಚ್ಚಿ, ತಲೆಯನ್ನು ಯಂತ್ರದಲ್ಲಿ ಸಮ ಮಾಡಿಸಿ ಕೂರಿಸಬೇಕಾಯಿತು. ಹನ್ನೊಂದು ಸಾವಿರ ರೂಪಾಯಿಗಳ ಖರ್ಚು, ಹತ್ತು ದಿನಗಳ ವಿಳಂಬ, ಅದಕ್ಕಿಂತ ಹೆಚ್ಚಾಗಿ ಮಕ್ಕಳೊಡನೆ ಕತ್ತಲೆಯಲ್ಲಿ ಕಳೆದ ಮೂರು ಗಂಟೆಗಳು. ಅಂದು ಕೈಕೊಟ್ಟದ್ದು ಕಾರೆಂದು ಹೇಳಲು ನನಗೆ ಬಾಯಿಲ್ಲ.

ಇದಕ್ಕೆ ಪ್ರತಿಯಾಗಿ ದಾವಣಗೆರೆಯಲ್ಲಿರುವ ನಮ್ಮ ಬಂಧುಗಳಾದ ಒಬ್ಬ ಶಿಕ್ಷಕಿಯವರ ಸಂಗತಿ ಹೇಳುತ್ತೇನೆ. ಪತಿಯನ್ನು ಕಳೆದುಕೊಂಡ ಬಳಿಕ ಅವರು ನಲವತ್ತೈದನೆಯ ವಯಸ್ಸಿನಲ್ಲಿ ಕಾರು ನಡೆಸಲು ಕಲಿತು, ಒಂಬತ್ತು ವರ್ಷ ಹಳೆಯದಾದ ಒಂದು ಪುಟ್ಟ ಕಾರನ್ನು ಕೊಂಡರು. ಹನ್ನೆರಡು ವರ್ಷ ಅದನ್ನು ಓಡಿಸಿದರು. ದಾರಿಯಲ್ಲಿ ನಿಂತದ್ದು ಎರಡೇ ಬಾರಿ – ಒಮ್ಮೆ ಬ್ಯಾಟರಿ, ಒಮ್ಮೆ ಪೆಟ್ರೋಲ್ ಪಂಪು. ಅವರ ಗುಟ್ಟು ಒಂದು ನೂರು ಪುಟದ ನೋಟುಬುಕ್ಕು. ಹಾಲಿನ ಲೆಕ್ಕ ಬರೆಯುವಂತೆ ಅದರಲ್ಲಿ ಕಾರಿನ ಲೆಕ್ಕ ಬರೆಯುತ್ತಿದ್ದರು: ಎಂಜಿನ್ ಎಣ್ಣೆ ಎಷ್ಟು ಕಿಲೋಮೀಟರಿಗೆ ಬದಲಾಯಿತು, ಬ್ರೇಕಿನ ದ್ರವ ಯಾವಾಗ ಹೊಸದಾಯಿತು, ಟೈರುಗಳ ವಯಸ್ಸೆಷ್ಟು, ಟೈಮಿಂಗ್ ಬೆಲ್ಟು ಹಾಕಿಸಿದ್ದು ಯಾವಾಗ. ಪ್ರತಿ ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎಣ್ಣೆ, ನೀರು, ಗಾಳಿ ಈ ಮೂರನ್ನು ನೋಡದೆ ಅವರು ತಿಂಡಿಗೆ ಕೂರುತ್ತಿರಲಿಲ್ಲ. ಕಾರ್ಖಾನೆ ಕೊಟ್ಟ ವಿಶ್ವಾಸಾರ್ಹತೆಯ ಅವಧಿ ಮುಗಿದ ಮೇಲೆ ಆ ಕಾರನ್ನು ಓಡಿಸಿದ್ದು ಅವರ ನೋಟುಬುಕ್ಕೇ ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಎಲ್ಲವೂ ಆರೈಕೆಯಿಂದಲೇ ಸರಿಹೋಗುವುದೆಂದೂ ತಿಳಿಯಬಾರದು. ಕೊಳ್ಳುವಾಗಲೇ ಎಡವಿದರೆ ಮುಂದಿನ ಆರೈಕೆ ವ್ಯರ್ಥ. ನನ್ನ ಸೋದರ ಸಂಬಂಧಿಯೊಬ್ಬನು ಕರಾವಳಿಯಲ್ಲಿ ಬಹುಕಾಲ ಓಡಿದ್ದ ಕಾರೊಂದನ್ನು ಅಗ್ಗದ ಬೆಲೆಗೆ ತಂದನು. ಹೊಸದಾಗಿ ಬಣ್ಣ ಬಳಿದಿದ್ದರು, ಎಂಜಿನ್ ಗಡಿಯಾರದಂತೆ ನಡೆಯುತ್ತಿತ್ತು. ಕಾರಿನ ಕೆಳಗೆ ಬಗ್ಗಿ ನೋಡಿದವರಿಲ್ಲ. ಉಪ್ಪುಗಾಳಿ, ಮಳೆಗಳಿಂದ ತಳ ತುಕ್ಕು ಹಿಡಿದು, ಹಿಂಗಾಲಿಗಳಿಗೆ ಹೋಗುವ ಬ್ರೇಕಿನ ಲೋಹದ ಕೊಳವೆ ಕಾಗದದಷ್ಟು ತೆಳುವಾಗಿತ್ತು. ಒಂದು ದಿನ ಪೇಟೆಯ ಇಳಿಜಾರಿನಲ್ಲಿ ಅದು ಒಡೆದು, ತುಳಿದ ಪೆಡಲು ನೆಲ ಮುಟ್ಟಿತು. ಹಿಂದೆ ಅವನ ತಾಯಿ ಕುಳಿತಿದ್ದರು. ಗೇರು ಇಳಿಸಿ ಕೈಬ್ರೇಕು ಎಳೆದು, ಮರಳಿನ ರಾಶಿಯೊಂದಕ್ಕೆ ತಾಗಿಸಿ ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಬ್ರೇಕಿನ ದ್ರವದ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದ್ದುದನ್ನು ಹಿಂದಿನ ವಾರ ಅವನು ನೋಡಿದ್ದನು, ತುಂಬಿಸಿ ಸುಮ್ಮನಾಗಿದ್ದನು. ಆ ದ್ರವ ಬೇಗ ಬೇಗ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆಯೆಂದು ತಿಳಿದು ಅಂದೇ ಕಾರನ್ನು ನಿಲ್ಲಿಸಬೇಕು.

ಆದುದರಿಂದ ಕೊಳ್ಳುವವರು ಗಮನಿಸಬೇಕಾದ ಸಂಗತಿಗಳನ್ನು ಹೇಳುತ್ತೇನೆ. ಕಾರನ್ನು ಹಗಲು ಹೊತ್ತಿನಲ್ಲಿ, ಎಂಜಿನ್ ತಣ್ಣಗಿರುವಾಗ ನೋಡಬೇಕು; ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಚಾಲೂ ಆಗುವ ತೊಂದರೆ ಮರೆಯಾಗುತ್ತದೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ. ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಎಣ್ಣೆಯ ಮುಚ್ಚಳದ ಒಳಬದಿ ಹಾಲುಗಂಜಿಯಂತೆ ಕಂಡರೆ ಆ ಅನುಮಾನ ಬಲವಾಗುತ್ತದೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸಿದಾಗ ಮುಂದಿನಿಂದ ಟಕಟಕ ಸದ್ದು ಬಂದರೆ ಚಾಲನೆಯ ಕೀಲುಗಳು ಸವೆದಿವೆ. ಮೀಟರಿನ ಅಂಕಿಗಳನ್ನು ನೆಚ್ಚಬೇಡಿರಿ. ಅವನ್ನು ತಿರುಗಿಸುವ ಕೈಗಳು ಬಹಳ ಇವೆ. ಪೆಡಲಿನ ರಬ್ಬರು, ಸ್ಟೇರಿಂಗಿನ ಸವೆತ, ಚಾಲಕನ ಆಸನದ ಕುಸಿತ ಇವು ಸುಳ್ಳು ಹೇಳುವುದು ಕಡಿಮೆ. ಟೈರಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ ಇಪ್ಪತ್ಮೂರನೆಯ ವಾರ ತಯಾರಾದದ್ದು. ಹಲ್ಲುಗಳು ಚೆನ್ನಾಗಿದ್ದರೂ ವಯಸ್ಸಾದ ರಬ್ಬರು ಗಟ್ಟಿಯಾಗಿ ಸೀಳುತ್ತದೆ. ಕೊನೆಯದಾಗಿ, ಮಾರುವವನಿಗೆ ಸಂಬಂಧವಿಲ್ಲದ ಒಬ್ಬ ಮಿಸ್ತ್ರಿಗೆ ಕೂಲಿ ಕೊಟ್ಟು ಕಾರನ್ನು ಮೇಲೆತ್ತಿಸಿ ತಳ ನೋಡಿಸಬೇಕು.

ಯಂತ್ರದಷ್ಟೇ ಕಾಗದಪತ್ರಗಳೂ ಮುಖ್ಯ. ಹಾವೇರಿ ಜಿಲ್ಲೆಯ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಕಾರನ್ನು ಮಧ್ಯವರ್ತಿಯೊಬ್ಬನ ಮೂಲಕ ಮಾರಿ, ಖಾಲಿ ನಮೂನೆಗಳಿಗೆ ಸಹಿ ಹಾಕಿ ಕೊಟ್ಟು, ಹಣ ಬಂತೆಂದು ನಿಶ್ಚಿಂತರಾದರು. ಹೆಸರು ಬದಲಾಗಲೇ ಇಲ್ಲ. ಒಂದೂವರೆ ವರ್ಷದ ಮೇಲೆ, ಅವರು ಕಂಡರಿಯದ ಊರಿನಲ್ಲಿ ನಡೆದ ಅಪಘಾತದ ಪರಿಹಾರದ ದಾವೆಯಲ್ಲಿ ಅವರಿಗೇ ನೋಟೀಸು ಬಂದಿತು. ಕಾರಿಗೆ ಆಗ ವಿಮೆಯೂ ಇರಲಿಲ್ಲ. ಪಿಂಚಣಿಯನ್ನೇ ನಂಬಿದ ಆ ಹಿರಿಯರು ಅಂದಿನಿಂದ ಪಟ್ಟ ಪಾಡು ಹೇಳತೀರದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಯಜಮಾನರು. ಕಾರು ಕೈಬದಲಾದ ಮಾತ್ರಕ್ಕೆ ಹೊಣೆ ತಪ್ಪದೆಂದು ಸರ್ವೋಚ್ಚ ನ್ಯಾಯಾಲಯವೂ 2018ರ ತೀರ್ಪೊಂದರಲ್ಲಿ ಹೇಳಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. 29 ಮತ್ತು 30ನೆಯ ನಮೂನೆಗಳು ಇದಕ್ಕಾಗಿಯೇ ಇವೆ. ಸಾಲದ ಕಾರಾಗಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಮತ್ತು 35ನೆಯ ನಮೂನೆ ಬೇಕು. ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಪುಸ್ತಕದೊಡನೆ ತಾಳೆ ನೋಡದೆ ಮುಂಗಡ ಕೊಡಬಾರದು.

ವಯಸ್ಸಿನ ಮಾತೂ ಇದೆ. ನೋಂದಣಿ ಹದಿನೈದು ವರ್ಷಗಳಿಗೆ ಮಾತ್ರ. ಆಮೇಲೆ ವಾಹನ ಪರೀಕ್ಷೆ ಮಾಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿತು. ಹದಿನಾಲ್ಕು ವರ್ಷದ ಕಾರು ಅಗ್ಗವೆಂದು ಕೊಂಡವರು ಮರುವರ್ಷವೇ ಈ ಖರ್ಚಿಗೆ ಸಿದ್ಧರಾಗಿರಬೇಕು. ಇನ್ನೊಂದು ಕಹಿಸತ್ಯವನ್ನೂ ಮರೆಮಾಚಬಾರದು: ಹಳೆಯ ಪುಟ್ಟ ಕಾರುಗಳು ದಾರಿಯಲ್ಲಿ ನಿಲ್ಲದಿರಬಹುದು, ಆದರೆ ಅಪಘಾತವಾದಾಗ ಒಳಗಿನವರನ್ನು ಕಾಪಾಡುವ ಶಕ್ತಿ ಅವಕ್ಕೆ ಕಡಿಮೆ. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಕಾರನ್ನು ಕೊಳ್ಳುವವರು ಹಿಂದಿನ ಆಸನದಲ್ಲೂ ಸುಸ್ಥಿತಿಯ ಬೆಲ್ಟುಗಳಿವೆಯೇ ಎಂದು ನೋಡಬೇಕು, ವೇಗವನ್ನು ಹತೋಟಿಯಲ್ಲಿಡಬೇಕು.

ಇನ್ನು ಪತ್ರ ಬರೆದ ಬಂಧುಗಳಿಗೆ ನನ್ನ ಉತ್ತರ. ಒಂದು ಲಕ್ಷವನ್ನೂ ಕಾರಿಗೇ ಸುರಿಯಬೇಡಿರಿ. ಎಪ್ಪತ್ತೈದು ಸಾವಿರದೊಳಗೆ ಕಾರು ನೋಡಿರಿ. ಉಳಿದದ್ದನ್ನು ಕೊಂಡ ಮೊದಲ ತಿಂಗಳಲ್ಲೇ ಬ್ರೇಕು, ಟೈರು, ಬ್ಯಾಟರಿ, ಬೆಲ್ಟು, ನೀರಿನ ಕೊಳವೆಗಳು, ವಿಮೆ ಇವುಗಳಿಗೆ ವಿನಿಯೋಗಿಸಿರಿ. ಹಿಂದಿನವರು ಯಾವಾಗ ಮಾಡಿಸಿದರೋ ಎಂಬ ಅನುಮಾನವೇ ಉಳಿಯದಂತೆ ಅಂದಿನಿಂದ ನಿಮ್ಮ ಲೆಕ್ಕ ಆರಂಭವಾಗಲಿ. ಒಬ್ಬರೇ ಓಡಿಸಿದ, ಲೆಕ್ಕವಿಟ್ಟ, ನಿಮ್ಮ ಪೇಟೆಯಲ್ಲೇ ಬಿಡಿಭಾಗ ಸಿಗುವ ಕಾರು ಬಣ್ಣ ಮಾಸಿದ್ದರೂ ಉತ್ತಮ. ಮೊದಲ ಎರಡು ವಾರ ತಾಯಿಯವರಿಲ್ಲದೆ ಅದೇ ದಾರಿಯಲ್ಲಿ ಓಡಿಸಿ ಅದರ ಸ್ವಭಾವ ತಿಳಿದುಕೊಳ್ಳಿರಿ. ಪರಿಚಿತ ಬಾಡಿಗೆ ಕಾರಿನವರೊಬ್ಬರ ದೂರವಾಣಿ ಸಂಖ್ಯೆ ಸದಾ ಜೊತೆಯಲ್ಲಿರಲಿ; ಚಿಕಿತ್ಸೆಯ ದಿನ ಕಾರಿನ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ಅವರನ್ನೇ ಕರೆಯಿರಿ. ಆ ಖರ್ಚನ್ನು ಸೋಲೆಂದು ಎಣಿಸಬೇಡಿರಿ.

ನನ್ನ ಕಾರನ್ನು 2018ರಲ್ಲಿ ಒಬ್ಬ ಯುವ ದಂಪತಿಗೆ ಮಾರಿದೆ. ಹೆಸರು ಬದಲಾವಣೆಗೆ ಕಚೇರಿಗೆ ನಾನೇ ಜೊತೆಯಲ್ಲಿ ಹೋಗಿದ್ದೆ. ಬೀಗದ ಕೈಯೊಡನೆ, ದೇವಿಮನೆ ಘಟ್ಟದ ಮರುದಿನದಿಂದ ನಾನು ಬರೆಯಲಾರಂಭಿಸಿದ್ದ ನೋಟುಬುಕ್ಕನ್ನೂ ಅವರ ಕೈಗಿಟ್ಟೆ. ಆ ಹೆಣ್ಣುಮಗಳು ಅದನ್ನು ತಿರುವಿ ನೋಡಿ, ಕೊನೆಯ ಪುಟದ ಕೆಳಗೆ ಅಂದಿನ ದಿನಾಂಕ ಬರೆದಳು.