ಇದು ಲೂನಾ ಅಲ್ಲ ಸ್ವಾಮಿ!

ಧರ್ಮಸ್ಥಳ ಮುಗಿಸಿ ಮಲ್ಪೆ, ಮುರುಡೇಶ್ವರಕ್ಕೆ ಹೋಗುವ ಚಿಂತಾಮಣಿ, ಶಿಡ್ಲಘಟ್ಟದ ಹುಡುಗರಿಗೆ ಜೆಟ್ ಸ್ಕೀ ಹುಚ್ಚು. ಹತ್ತಲಿ, ಬೇಡ ಅನ್ನೋಕೆ ನಾವ್ಯಾರು? ಆದರೆ ಕೇಳಿ: ಹಿಂದಕ್ಕೆ ಚಿಮ್ಮುವ ನೀರೇ ಆ ಗಾಡಿಯನ್ನು ನೂಕುವುದು, ತಿರುಗಿಸುವುದೂ ಅದೇ. ಹೆದರಿ ಅಕ್ಸಿಲರೇಟರ್ ಬಿಟ್ಟಿರೋ, ಹ್ಯಾಂಡಲ್ ಎಷ್ಟು ತಿರುವಿದರೂ ನೆಟ್ಟಗೆ ನುಗ್ಗುತ್ತದೆ. ಎಷ್ಟೋ ಗಾಡಿಗಳಿಗೆ ಬ್ರೇಕೇ ಇಲ್ಲ!

ಕೆರೆ ಕಂಡ ನಮಗೆ ಕಡಲು ಅಂದಾಜಿಗೆ ಸಿಗದು. 2007ರ ತನಕ ನಾವೂ ಸೇರಿದ್ದ ಕೋಲಾರ ಜಿಲ್ಲೆಯ, ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ನೀರುಪಾಲಾದರು. ಅಲ್ಲಿ ಯಾವ ಸ್ಕೀಯೂ ಇರಲಿಲ್ಲ, ಬರೀ ಅಲೆ.

ಲೈಫ್ ಜಾಕೆಟ್ ಬಿಗಿಯದೆ, ಬಿದ್ದರೆ ಎಂಜಿನ್ ಆರಿಸುವ ದಾರ ಮಣಿಕಟ್ಟಿಗೆ ಕಟ್ಟದೆ ಹತ್ತಿಸುವವನಿಗೆ ಕಾಸು ಬಿಚ್ಚಬೇಡಿ. ಟೂರ್ ಬಸ್ಸಿನವರೂ ಇದನ್ನು ಹೊರಡುವಾಗಲೇ ಹೇಳಲಿ.